ಒಂದೇ ಎಲೆ, ಇಬ್ಬರು ಯುವರಾಜರು

ಬಹಳ ಹಿಂದೆ, ಹೊಳೆಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಕೊಂಗವಳ್ಳಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸು ಮನೆತನಕ್ಕೆ ಒಂದು ನೇಮ. ಊಟಕ್ಕೆ ಕೂರುವ ಮುನ್ನ ಅರಸನೇ ಬಾಗಿಲಿಗೆ ಬಂದು, "ಹಸಿದವರು ಯಾರಾದರೂ ಇದ್ದೀರಾ?" ಎಂದು ಮೂರು ಸಲ ಕೂಗಬೇಕು. ಇದ್ದರೆ ಅವರಿಗೆ ಬಡಿಸಿ, ಆಮೇಲೆ ತಾನು ಉಣ್ಣಬೇಕು.

ಅರಸ ಶಿವನ ಪಾದ ಸೇರಿದ. ಮಗ ಸೋಯಿದೇವನಿಗೆ ಪಟ್ಟ ಕಟ್ಟುವ ದಿನ ಬಂತು. ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಮಾಯಗಾರ ಕರಿಜಟ್ಟಿ ಅಂದೇ ಅರಮನೆಗೆ ನುಗ್ಗಿದ. ಅಡ್ಡ ಬಂದ ಅಡುಗೆಯ ಭೈರಣ್ಣನನ್ನು ಹುಲಿ ಮಾಡಿ ಬಾಗಿಲಲ್ಲಿ ಕೂರಿಸಿದ. ಯುವರಾಜನ ನೆರಳಿನ ಮೇಲೆ ಒಂದು ಹಿಡಿ ಬೂದಿ ಎರಚಿದ. ನೆರಳು ಎದ್ದು ನಿಂತಿತು. ಅದೇ ಮುಖ, ಅದೇ ಮಚ್ಚೆ, ಅದೇ ದನಿ.

"ಮೂರು ಪರೀಕ್ಷೆ," ಅಂದ ಕರಿಜಟ್ಟಿ. "ಗೆದ್ದವನಿಗೆ ಸಿಂಹಾಸನ. ಸೋತವನು ನೆರಳಾಗಿ ನೆಲಕ್ಕೆ. ನೆರಳು ಗೆದ್ದರೆ ರಾಜ್ಯ ನನ್ನದು."

"ನಾನೇ ಸೋಯಿದೇವ," ಅಂದ ಸೋಯಿದೇವ. ಎದ್ದು ನಿಂತವನೂ ಅದೇ ಉಸಿರಿನಲ್ಲಿ ಅದನ್ನೇ ಅಂದ.

ಮೊದಲನೆಯದು ಬೆಂಕಿಯುಗುಳುವ ಕುದುರೆ. ಸೋಯಿದೇವ ಹೆದರುತ್ತಲೇ ಹತ್ತಿದ. ಮತ್ತೊಬ್ಬನೂ ಹೆದರುತ್ತಲೇ ಹತ್ತಿದ. ಕುದುರೆ ಇಬ್ಬರಿಗೂ ಬಗ್ಗಿತು.

ಎರಡನೆಯದು ತಾಯಿಯ ಪ್ರಶ್ನೆ. ರಾಣಿ ಹೊನ್ನಲದೇವಿ ಕೇಳಿದಳು, "ಮಗಾ, ಚಿಕ್ಕಂದಿನಲ್ಲಿ ನನಗೆ ಹೇಳಿದ ಸುಳ್ಳು ಯಾವುದು?"

"ನೈವೇದ್ಯದ ಕಡುಬು ಕದ್ದು ತಿಂದು, ಇಲಿ ತಿಂತು ಅಂದಿದ್ದೆ ಅವ್ವಾ," ಎಂದು ಇಬ್ಬರೂ ತಲೆ ತಗ್ಗಿಸಿದರು.

"ಅಯ್ಯೋ ಶಿವನೆ, ಇಬ್ಬರೂ ಅದೇ ಕಳ್ಳರು!" ಎಂದು ರಾಣಿ ಹಣೆ ಚಚ್ಚಿಕೊಂಡಳು.

ಸೋಯಿದೇವ ತನ್ನ ಕಾಲಡಿ ನೋಡಿಕೊಂಡ. ನೆರಳಿಲ್ಲ. ಮತ್ತೊಬ್ಬನ ಕಾಲಡಿ ನೋಡಿದ. ಅಲ್ಲೂ ಇಲ್ಲ. ನೆನಪು ಅವನಿಗೂ ಉಂಟು, ಅಂಜಿಕೆ ಅವನಿಗೂ ಉಂಟು. ಹಾಗಾದರೆ ಎದ್ದು ನಿಂತ ನೆರಳು ನಾನೇ ಏಕಾಗಿರಬಾರದು?

ಮೂರನೆಯದು ಊಟ. ಕರಿಜಟ್ಟಿ ಇಬ್ಬರ ಹೊಟ್ಟೆಯಲ್ಲೂ ತಿಂಗಳ ಹಸಿವು ತುಂಬಿ, ಒಂದೇ ಒಂದು ಎಲೆ ಹಾಕಿಸಿದ. ಬಿಸಿ ಅನ್ನ, ತುಪ್ಪ, ತೊವ್ವೆ. "ಮೊದಲು ಉಂಡವನು ಅರಸ!"

ಸೋಯಿದೇವ ಓಡಿ ಎಲೆಯ ಮುಂದೆ ಕೂತ. ಕೈ ಅನ್ನದ ಹತ್ತಿರ ಹೋಗಿ ನಿಂತಿತು. ಇನ್ನೂ ಕೂಗಿಲ್ಲವಲ್ಲ! ಎದ್ದರೆ ಪಟ್ಟ ಹೋಯಿತು. ಎದ್ದ.

ಬಾಗಿಲಲ್ಲಿದ್ದ ಹುಲಿ ಗುರುಗುಟ್ಟಿತು. "ಹೊರಗೆ ಯಾರೂ ಇಲ್ಲ ಕಣಪ್ಪಾ. ಅನ್ನ ಆರಿಹೋಗುತ್ತೆ, ಹೋಗಿ ಉಣ್ಣು."

ಆದರೂ ಅವನು ಕೂಗಿದ. ಒಂದು ಸಲ, ಎರಡು ಸಲ. ಹೊರಗೆ ಗಾಳಿ ಬಿಟ್ಟರೆ ಸದ್ದಿಲ್ಲ. ಮೂರನೆಯ ಸಲ ಕೂಗಿದಾಗ ಬೆನ್ನ ಹಿಂದಿನಿಂದ ಉತ್ತರ ಬಂತು.

"ನನಗೆ ಹಸಿವು, ಅಣ್ಣಾ."

ಸೋಯಿದೇವ ತಿರುಗಿದ. ಮತ್ತೊಬ್ಬ ಎಲೆಯ ಮುಂದೆ ಕೂತು ಅಳುತ್ತಿದ್ದ. ಅನ್ನಕ್ಕೆ ಕೈ ಹಾಕಿದರೆ ಅದು ಬೆರಳ ಸಂದಿಯಲ್ಲಿ ಹೊಗೆಯ ಹಾಗೆ ಜಾರುತ್ತಿತ್ತು. "ಹುಟ್ಟಿದಾಗಿನಿಂದ ನಿನ್ನ ಜೊತೆಗಿದ್ದೇನೆ. ಒಂದು ತುತ್ತು ಉಂಡಿಲ್ಲ."

"ಕೊಡಬೇಡ!" ಎಂದು ಕರಿಜಟ್ಟಿ ಅರಚಿದ. "ಕೊಟ್ಟರೆ ಅವನೇ ಮೊದಲು ಉಂಡ ಹಾಗೆ! ನೀನು ನೆಲಕ್ಕೆ!"

ಇಬ್ಬರಲ್ಲಿ ನೆರಳು ಯಾರೋ ಸೋಯಿದೇವನಿಗೆ ಆಗಲೂ ತಿಳಿಯಲಿಲ್ಲ. ಎದುರಿಗಿರುವವನು ಹಸಿದಿದ್ದಾನೆ, ಅಷ್ಟು ತಿಳಿಯಿತು. ಅನ್ನ ಕಲಸಿ ತುತ್ತು ಮಾಡಿ ಅವನ ಅಂಗೈಯಲ್ಲಿಟ್ಟ. ಕೊಟ್ಟ ತುತ್ತು ಜಾರಲಿಲ್ಲ. ಅವನು ಉಂಡ. ಇನ್ನೊಂದು ತುತ್ತು, ಮತ್ತೊಂದು. ಹೊಟ್ಟೆ ತುಂಬಿದ ಮೇಲೆ ಅವನು ತೇಗಿ, "ಸಾಕು ಅಣ್ಣಾ, ನಿದ್ದೆ ಬರುತ್ತಿದೆ," ಎಂದು ಸೋಯಿದೇವನ ಕಾಲ ಬಳಿ ಮಲಗಿದ. ಮಲಗಿ ನೆರಳಾದ.

ಹಸಿವಿನ ಮೇಲೆ ಕಟ್ಟಿದ ಮಾಯೆ ಹಸಿವು ತೀರಿದಾಗ ಹರಿಯಿತು. ಕರಿಜಟ್ಟಿ ತಾನು ಎರಚಿದ ಹಿಡಿ ಬೂದಿಯಾಗಿ ಹಾರಿಹೋದ. ಹುಲಿ ಭೈರಣ್ಣನಾಗಿ ಎದ್ದು, "ಬಾಲವೊಂದು ಚೆನ್ನಾಗಿತ್ತು," ಎಂದು ಬೆನ್ನು ತಡವಿಕೊಂಡ.

"ನೀನು ಬಾಗಿಲಿಗೆ ಹೋದಾಗಲೇ ನನಗೆ ಗುರುತು ಸಿಕ್ಕಿತು ಮಗಾ," ಅಂದಳು ರಾಣಿ.

"ನನಗೆ ಈಗ ಸಿಕ್ಕಿತು ಅವ್ವಾ," ಅಂದ ಸೋಯಿದೇವ. ಎಲೆಯಲ್ಲಿ ಉಳಿದಿದ್ದ ಅನ್ನವನ್ನು ಕಣ್ಣಿಗೊತ್ತಿಕೊಂಡು ಉಂಡ.

ಅಂದಿನಿಂದ ಅರಸ ಸೋಯಿದೇವ ಮೂರರ ಮೇಲೆ ನಾಲ್ಕನೆಯ ಸಲ, ತನ್ನ ನೆರಳಿನ ಕಡೆ ತಿರುಗಿ, ಮೆಲ್ಲಗೆ ಕೂಗುತ್ತಿದ್ದ. ಅವನ ಕಾಲವಿಡೀ ಕೊಂಗವಳ್ಳಿಯಲ್ಲಿ ಹಸಿದು ಮಲಗಿದವರಿಲ್ಲ. ಅವರು ಉಂಡು ಸುಖವಾಗಿದ್ದರು. ಕೇಳಿದವರ ಮನೆಯ ಎಲೆಯೂ ತುಂಬಿರಲಿ.