ಹಸಿರು ಸ್ವೆಟರಿನ ಅಡ್ಮಿರಲ್

"ಕಳ್ಳ ಕಣ್ರೀ ನೀವು! ನಾಯಿ ಕಳ್ಳ!"

ಯಾಸ್ನಾ ಟಿಕೆಟ್ ಕಿಟಕಿಗೆ ಗುದ್ದಿದ ಸದ್ದಿಗೆ ವಾಲ್ಪರೈಸೊ ಬಂದರಿನಲ್ಲಿ ನಿಂತಿದ್ದ ಎರಡು ಹಡಗು ಹೇಳದೆ ಕೇಳದೆ ಹೊರಟುಹೋದವು. ನಮ್ಮ ಗುಡ್ಡದಲ್ಲಿ ಈಗಲೂ ಅದನ್ನ ಪ್ರಮಾಣ ಮಾಡಿ ಹೇಳೋರಿದ್ದಾರೆ.

ಕಿಟಕಿಯ ಒಳಗೆ ನಿಬಾಲ್ಡೊ. ಹಳಿ ಮೇಲೆ ಗುಡ್ಡ ಹತ್ತೋ ಲಿಫ್ಟ್ ಓಡಿಸೋನು. ಕುಂಬಳಕಾಯಿ ಹಾಕಿ ಕರಿದ ಸೊಪೈಪಿಯಾ ತಿಂತಾ ಇದ್ದ. ಅವನ ಕಾಲ ಬುಡದಲ್ಲಿ ಹಸಿರು ಸ್ವೆಟರ್ ಹಾಕ್ಕೊಂಡ ಕರೀ ನಾಯಿ, ಅಡ್ಮಿರಲ್, ಗೊರಕೆ ಹೊಡೀತಿತ್ತು.

"ಯಾರು ಕಳ್ಳ ಮೇಡಂ?"

"ಹೋದ ವಾರ ಈ ನಾಯೀನ ಟೀಚರಮ್ಮನ ಮನೆಗೆ ಬಿಟ್ಟು ಬಂದೆ. ಬಿಸಿ ನೀರು, ಹೊದಿಕೆ, ಅಂಗಳ... ಎಲ್ಲಾ ಇತ್ತು! ಮತ್ತೆ ಕರ್ಕೊಂಡು ಬಂದಿದ್ದೀರಲ್ಲ!"

"ನಾನು ಲಿಫ್ಟ್ ಬಿಟ್ಟು ಎಲ್ಲಿಗೂ ಹೋಗಲ್ಲ. ಅದನ್ನ ನಾನು ಟಿಕೆಟ್ ಕೇಳಲ್ಲ. ಬಂತು, ಮಲಗ್ತು."

'ಎಂಥ ಮನುಷ್ಯ ಇವನು! ನಾನು ಕೂಗ್ತಿದ್ರೆ ನಗ್ತಾನೆ!' ಯಾಸ್ನಾಗೆ ಮೈಯೆಲ್ಲಾ ಉರಿದುಹೋಯ್ತು.

ಗುಡ್ಡದ ತುದಿಯಲ್ಲಿ ಬೀದಿ ನಾಯಿಗಳ ಆಶ್ರಯ ನಡೆಸ್ತಿದ್ದಳು ಅವಳು. ಕಾಲಿಡೋಕೂ ಜಾಗ ಇಲ್ಲ. ಒಂದು ನಾಯಿಗೆ ಮನೆ ಸಿಕ್ಕಿದ್ರೆ ಮಾತ್ರ ಇನ್ನೊಂದಕ್ಕೆ ಗೂಡು. ಚಳಿಗಾಲ ಬೇರೆ ಶುರುವಾಗಿತ್ತು.

ಮಾರನೇ ದಿನ ಬೀದೀಲಿ ಸಿಕ್ಕ ಅಡ್ಮಿರಲ್‌ನ ಮತ್ತೆ ಹಿಡಿದಳು. ಬೇಕರಿಯವನಿಗೆ ಕೊಟ್ಟಳು. ಸ್ವಲ್ಪ ದಿನಕ್ಕೆ ನೋಡಿದ್ರೆ... ಲಿಫ್ಟಿನ ಹತ್ತಿರ ಅದೇ ಹಸಿರು ಸ್ವೆಟರ್, ಅದೇ ಗೊರಕೆ!

ಮತ್ತೆ ಜಗಳ.

ಮತ್ತೆ ಹಿಡಿದಳು. ಈ ಸಲ ಒಬ್ಬ ಮುದುಕ ನಾವಿಕನಿಗೆ. ಮೂರೇ ದಿನ... ಅಡ್ಮಿರಲ್ ಹಾಜರ್!

ಅವತ್ತು ಯಾಸ್ನಾ ಕೂಗಲಿಲ್ಲ. ಸುಮ್ಮನೆ ಮೆಟ್ಟಿಲ ಮೇಲೆ ಕೂತ್ಬಿಟ್ಟಳು.

ನಿಬಾಲ್ಡೊ ಕೈಯಲ್ಲಿದ್ದ ಸೊಪೈಪಿಯಾ ತಣ್ಣಗಾಯ್ತು. "ಏನ್ರೀ... ಇವತ್ತು ಬೈಯಲ್ವಾ?"

"ಸಾಕಾಯ್ತು. ನಾಯಿ ಕಳೆದ್ರೂ ಒಬ್ಬರೂ ಒಂದು ಫೋನ್ ಮಾಡಲಿಲ್ಲ. ಎಂಥೆಂಥವರಿಗೆ ಕೊಟ್ಟೆ ನಾನು! ಕೇಳೋಕೆ ನನಗೂ ಮುಖ ಇಲ್ಲ." ಕಣ್ಣು ಒರೆಸ್ಕೊಂಡಳು. "ಆಶ್ರಯ ಮುಚ್ತೀನಿ. ಇರೋ ನಾಯಿಗಳನ್ನ ಬೇರೆಯವರಿಗೆ ಒಪ್ಪಿಸಿ, ದೂರದ ಅಂತೋಫಗಾಸ್ತಾದಲ್ಲಿರೋ ಅಕ್ಕನ ಮನೆಗೆ ಹೋಗ್ತೀನಿ. ಒಂದು ನಾಯೀನ ನಿಲ್ಲಿಸೋಕಾಗ್ದೆ ಇರೋಳು ಯಾಕಿರ್ಬೇಕು ಇಲ್ಲಿ?"

ನಿಬಾಲ್ಡೊ ಸೊಪೈಪಿಯಾನ ತಟ್ಟೆಗೆ ಹಾಕಿ ಎದ್ದ. ಲಿಫ್ಟನ್ನ ಅರ್ಧ ದಾರೀಲೇ ನಿಲ್ಲಿಸಿಬಿಟ್ಟ. ಒಳಗಿದ್ದ ಪಾದ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಪಾದ್ರಿಗಳು ಬಳಸಬಾರದ ಮಾತೆಲ್ಲ ಬಳಸಿದ್ರು.

"ಬನ್ನಿ ಇಲ್ಲಿ." ಅವನು ಲಿಫ್ಟಿನ ಮೋಟಾರ್ ಕೋಣೆ ಬಾಗಿಲು ತೆಗೆದ.

ಒಳಗೆ ಬೆಚ್ಚಗೆ ಎರಡು ಕರೀ ನಾಯಿ ಮಲಗಿದ್ದವು. ಎರಡಕ್ಕೂ ಹಸಿರು ಸ್ವೆಟರ್!

ಯಾಸ್ನಾ ಹೊರಗಿದ್ದ ಅಡ್ಮಿರಲ್‌ನ ನೋಡಿದಳು. ಒಳಗೆ ನೋಡಿದಳು. ಮತ್ತೆ ಹೊರಗೆ.

"ಅಮ್ಮನಿಗೆ ಯಾವುದೋ ಹಡಗಿನಿಂದ ಹಸಿರು ಉಣ್ಣೆ ಸಿಕ್ತು. ಗುಡ್ಡದಷ್ಟು. ಚಳಿಗೆ ನಡುಗೋ ನಾಯಿಗೆಲ್ಲ ಹೆಣೆದು ಹಾಕ್ತಾಳೆ. ಅಡ್ಮಿರಲ್ ನನ್ನ ಬಿಟ್ಟು ಎಲ್ಲಿಗೂ ಹೋಗಿಲ್ಲ ಕಣ್ರೀ. ನೀವು ಹಿಡ್ಕೊಂಡು ಹೋಗಿದ್ದು ಬೇರೆ ಬೇರೆ ನಾಯಿ."

ಈ ಗುಡ್ಡದಲ್ಲಿ ಬೀದಿ ನಾಯೀನ ಎಲ್ಲರೂ ಗುರುತು ಹಿಡಿಯೋದು ಸ್ವೆಟರಿಂದಲೇ. ಯಾಸ್ನಾನೂ ಮುಖ ನೋಡಿರಲಿಲ್ಲ, ಸ್ವೆಟರ್ ನೋಡಿದ್ದಳು.

"ಹಂಗಾದ್ರೆ... ಟೀಚರಮ್ಮ? ಬೇಕರಿ? ಆ ಅಜ್ಜ?"

"ಮೂರೂ ನಾಯಿ ಅವರವರ ಮನೇಲೇ ಇವೆ. ಬೇಕರಿಯವನ ನಾಯಿ ಊದ್ಕೊಂಡು ಪೀಪಾಯಿ ಆಗಿದೆ. ಕಳೆದಿದ್ರೆ ತಾನೆ ಫೋನ್ ಮಾಡೋದು?"

ಯಾಸ್ನಾಗೆ ನಗಬೇಕೋ, ಇವನ ಕತ್ತು ಹಿಸುಕಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಅರ್ಧರ್ಧ ಮಾಡಿದಳು.

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ! ಎಷ್ಟು ಅತ್ತಿದ್ದೀನಿ ಗೊತ್ತಾ ನಾನು?"

"ಅತ್ತಿದ್ದು ಗೊತ್ತಿರಲಿಲ್ಲ. ದೇವರಾಣೆ." ಅವನ ದನಿ ಇಳೀತು. "ಹೇಳಿಬಿಟ್ರೆ ನೀವು ಬೈಯೋಕೆ ಬರಲ್ವಲ್ಲ ಅಂತ... ಲಿಫ್ಟ್ ಹತ್ತೋರೆಲ್ಲ ನನಗೆ ಬೆನ್ನು ತೋರಿಸಿ ಸಮುದ್ರ ನೋಡ್ತಾರೆ. ನನ್ನ ಮುಖ ನೋಡಿ ಮಾತಾಡಿದ್ದು ನೀವೊಬ್ಬರೇ."

"ಮಾತಾಡಿದ್ದಾ? ಬೈದಿದ್ದು!"

"ನನಗೆ ಅದೇ ಸಾಕಿತ್ತು. ಹೋಗಬೇಡಿ ಯಾಸ್ನಾ."

ಅವನು ಕಿಟಕಿ ಕೆಳಗಿಂದ ಒಂದು ಗಂಟು ತೆಗೆದ. ಹಸಿರು ಸ್ವೆಟರ್. ಇದಕ್ಕೆ ಎರಡೇ ತೋಳು.

"ನೀವು ಮೆಟ್ಟಿಲ ಮೇಲೆ ನಡುಗ್ತಾ ಬೈಯೋದನ್ನ ಅಮ್ಮ ಮನೆ ಕಿಟಕಿಯಿಂದ ನೋಡಿದ್ಲು."

ಯಾಸ್ನಾ ಹಾಕ್ಕೊಂಡಳು. ಅಳತೆ ಸರಿಯಾಗಿತ್ತು. ಅದಕ್ಕೂ ಸಿಟ್ಟು ಬಂತು!

"ಇದನ್ನ ಹಾಕ್ಕೊಂಡು ಓಡಾಡಿದ್ರೆ ನನ್ನನ್ನೂ ಯಾರಿಗಾದ್ರೂ ಕೊಟ್ಟುಬಿಡ್ತಾರೆ ರೀ."

"ಕೊಡೋಕೆ ಬಿಡಲ್ಲ. ನಾನೇ ಇಟ್ಕೋತೀನಿ."

"ಓಡಿಹೋದ್ರೆ?"

"ಹಸಿರು ಸ್ವೆಟರಿನವರು ಓಡಿಹೋದ್ರೂ ಇಲ್ಲಿಗೇ ತಾನೆ ಬರೋದು..."

ಅವಳು ಅವನ ತಟ್ಟೆಯಿಂದ ತಣ್ಣಗಾದ ಸೊಪೈಪಿಯಾ ಎತ್ಕೊಂಡು, ಅರ್ಧ ಮುರಿದು ಅವನಿಗೇ ಕೊಟ್ಟಳು.

"ಮೊದಲು ಆ ಪಾದ್ರೀನ ಇಳಿಸಿ."

"ಇರಲಿ ಬಿಡಿ. ಮದುವೆ ಮಾಡ್ಸೋಕೆ ಒಬ್ರು ಬೇಕಲ್ಲ!"