ಒಂಬತ್ತನೆಯ ಫಲಿತಾಂಶ

ನನ್ನ ಕೆನ್ನೆ ಕೀಬೋರ್ಡಿಗೆ ಒತ್ತಿಕೊಂಡಿತ್ತು. ಕತ್ತಿನ ಮೇಲೆ ಮೋಟನ ಮೊಣಕೈ.

ಹೆಸರಿಗೆ ತಕ್ಕಂತೆ ಆಳು ಕುಳ್ಳ. ತೂಕ ಮಾತ್ರ ಎಮ್ಮೆಯದು.

"ಆ ಪೇಜ್ ಸೈಟಿಂದ ತೆಗಿ," ಎಂದ. ಕೂಗಲಿಲ್ಲ. ಕೂಗದವರೇ ಅಪಾಯ.

"ಕೈ ಬಿಟ್ರೆ ತಾನೇ ಟೈಪ್ ಮಾಡೋದು?"

ಬಿಟ್ಟ. ತುಟಿಯ ರಕ್ತ ಸ್ಪೇಸ್‌ಬಾರ್ ಮೇಲೆ ತೊಟ್ಟಿಕ್ಕಿತು. ಪರದೆಯಲ್ಲಿ ಇನ್ನೂ ಅದೇ ಪುಟ... ಹತ್ತೊಂಬತ್ತು ಹೆಂಗಸರು ಸಾಯುವ ಮೂರು ವಾರ ಮೊದಲು ಅಚ್ಚಾದದ್ದು.

ಇಲ್ಲಿಗೆ ಬಂದು ಸಿಕ್ಕಿಹಾಕಿಕೊಂಡದ್ದು ಹೇಗೆ ಅಂತ ಹೇಳುತ್ತೇನೆ, ಕೇಳಿ.

ನಾನು ಮಾಜಿ ಪೊಲೀಸ್. ಈಗ ವೆಬ್‌ಸೈಟ್ ಕಟ್ಟುತ್ತೇನೆ, ಕೆಟ್ಟದ್ದನ್ನು ರಿಪೇರಿ ಮಾಡುತ್ತೇನೆ. ಮುಚ್ಚಿಹೋದ ಒಂದು ದಿನಪತ್ರಿಕೆಯ ಸಂಪಾದಕರು ಕರೆಸಿದ್ದರು. ಹಳೆಯ ಸಂಚಿಕೆಗಳನ್ನೆಲ್ಲ ಟೈಪ್ ಮಾಡಿಸಿ ಸೈಟಿಗೆ ಹಾಕಿದ್ದರು. ಹನ್ನೊಂದು ಸಾವಿರ ಸಂಚಿಕೆ. ಬೇಕಾದದ್ದು ಯಾರಿಗೂ ಸಿಗುತ್ತಿರಲಿಲ್ಲ. ಸರ್ಚ್ ಸೇರಿಸಿಕೊಡಿ ಎಂದರು.

ಪುಟದ ಮೂಲೆಯಲ್ಲಿ ಒಂದು ಖಾಲಿ ಡಬ್ಬಿ ಇಟ್ಟ ಮಾತ್ರಕ್ಕೆ ಅದು ಏನನ್ನೂ ಹುಡುಕುವುದಿಲ್ಲ. ಮೊದಲು ಇಂಡೆಕ್ಸ್ ಆಗಬೇಕು. ಯಾವ ಪದ ಯಾವ ಪುಟದಲ್ಲಿದೆ ಎನ್ನುವ ಪಟ್ಟಿ, ದಪ್ಪ ಪುಸ್ತಕಗಳ ಕೊನೆಯಲ್ಲಿ ಇರುತ್ತದಲ್ಲ, ಹಾಗೆ. ಎಲ್ಲವನ್ನೂ ಒಮ್ಮೆಗೇ ತುರುಕಬಾರದು. ಒಂದು ವರ್ಷದಿಂದ ಶುರು ಮಾಡಿ, ಉತ್ತರ ಗೊತ್ತಿರುವ ಪದವನ್ನೇ ಕೇಳಿ ನೋಡಬೇಕು.

ಉತ್ತರ ನನಗೆ ಗೊತ್ತಿದ್ದ ವರ್ಷ ಒಂದೇ. ಗಾರ್ಮೆಂಟ್ ಫ್ಯಾಕ್ಟರಿಗೆ ಬೆಂಕಿ ಬಿದ್ದ ವರ್ಷ.

ತನಿಖೆ ನನ್ನದೇ. ಹಿಂಬಾಗಿಲು ಕಬ್ಬಿಣದ್ದು, ಸುಟ್ಟಿರಲಿಲ್ಲ. ಒಳಮೈಯಲ್ಲಿ ಮಸಿಯ ಅಂಗೈ ಗುರುತುಗಳು... ಹೆಗಲೆತ್ತರದಲ್ಲಿ ಶುರುವಾಗಿ ನೆಲದ ತನಕ ಇಳಿದಿದ್ದವು. ಇವತ್ತಿಗೂ ಯಾವ ಬಾಗಿಲು ತಟ್ಟಲು ಹೋದರೂ ನನ್ನ ಕೈ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಒಳಗಿನಿಂದ ಯಾರೋ ಮೊದಲು ತಟ್ಟಿಬಿಡುತ್ತಾರೇನೋ ಎಂದು.

ಬೀಗ ಅವತ್ತೊಂದು ದಿನ ಮಾತ್ರ ಅಕಸ್ಮಾತ್ತಾಗಿ ಬಿದ್ದಿತ್ತು, ಹಿಂದೆ ಯಾರೂ ದೂರಿರಲಿಲ್ಲ ಎಂದಿದ್ದ ಮಾಲೀಕ. ನಾನೂ ಹಾಗೇ ವರದಿ ಬರೆದೆ.

ಸರ್ಚ್ ಡಬ್ಬಿಯಲ್ಲಿ "ಬೀಗ" ಎಂದು ಒತ್ತಿದೆ.

ಹದಿನಾಲ್ಕು ಫಲಿತಾಂಶ. ಮೊದಲ ಎಂಟು ಬೆಂಕಿಯ ಸುದ್ದಿ. ಒಂಬತ್ತನೆಯದು ಓದುಗರ ಪತ್ರ.

"ಎರಡನೇ ಪಾಳಿ ಶುರುವಾದ ಮೇಲೆ ದಿನಾ ಹಿಂಬಾಗಿಲಿಗೆ ಬೀಗ ಹಾಕುತ್ತಾರೆ. ಏನಾದರೂ ಆದರೆ ನಾವು ಎಲ್ಲಿಂದ ಹೊರಗೆ ಬರಬೇಕು?"

ಕೆಳಗೆ ಹೊಲಿಗೆ ವಿಭಾಗದ ಒಬ್ಬಳ ಹೆಸರು. ಸತ್ತವರ ಪಟ್ಟಿಯಲ್ಲಿ ಆ ಹೆಸರನ್ನು ಬರೆದವನು ನಾನೇ.

ಅವಳ ಅಕ್ಕ ಆಗ ಸ್ಟೇಷನ್ನಿಗೆ ನಾಲ್ಕು ಸಲ ಬಂದಿದ್ದಳು. ತಂಗಿ ಪೇಪರಿಗೆ ಬರೆದಿದ್ದಳು, ತಾರೀಕು ನೆನಪಿಲ್ಲ, ದಯವಿಟ್ಟು ಹುಡುಕಿ ಎಂದು ಕೈ ಮುಗಿದಿದ್ದಳು. ಪೇಪರ್ ಕಟ್ಟು ನನ್ನ ಮೇಜಿನ ಮೇಲೇ ಇತ್ತು. ಹುಡುಕಿದೆ, ಇಲ್ಲ ಎಂದೆ.

ಕಟ್ಟಿನ ದಾರವನ್ನೂ ಬಿಚ್ಚಿರಲಿಲ್ಲ.

ಪುಟವನ್ನು ಸಂಪಾದಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಪುಟ ಅದರ ಪಾಡಿಗಿರ್ಲಿ. ಹುಡುಕಿದ್ರೆ ಸಿಗಬಾರ್ದು, ಅಷ್ಟೆ."

ಆಗೊಲ್ಲ ಎಂದೆ. ಮಾಲೀಕನ ಮಗ ಈಗ ಅದಕ್ಕಿಂತ ದೊಡ್ಡ ಫ್ಯಾಕ್ಟರಿ ನಡೆಸುತ್ತಾನೆ. ಅವನಿಗೆ ಫೋನ್ ಹೋಗಿರಬೇಕು. ಮರುದಿನ ಬೆಳಗ್ಗೆ ಪತ್ರಿಕೆಯ ಹಳೇ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ, ಅವನ ಕಡೆಯ ಮೋಟ ಹಾಜರ್.

ಈಗ ಎರಡು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ.

"ತೆಗ್ದೆ."

ಸುಳ್ಳು. ಅಲ್ಲಿಯವರೆಗೆ ನನ್ನ ಲ್ಯಾಪ್‌ಟಾಪಿನಲ್ಲಷ್ಟೇ ಇದ್ದ ಸರ್ಚನ್ನು ಇಡೀ ಲೋಕಕ್ಕೆ ತೆರೆದಿದ್ದೆ.

ಮೋಟ ದಡ್ಡನಲ್ಲ. ತನ್ನ ಫೋನ್ ತೆಗೆದು ಒಂದೊಂದೇ ಅಕ್ಷರ ಒತ್ತಿದ... ಹುಬ್ಬು ಮೇಲೇರಿತು.

ಕಪಾಟನ್ನು ಎಳೆದುಬಿಟ್ಟೆ. ಮೂವತ್ತು ವರ್ಷದ ಸಂಪುಟಗಳು ಅವನ ಹೆಗಲ ಮೇಲೆ ಉರುಳಿದವು. ಮೆಟ್ಟಿಲು ಎರಡೆರಡು... ತುಕ್ಕು ಹಿಡಿದ ಮುದ್ರಣಯಂತ್ರದ ಸಂದಿ... ಹಿಂದೆ ಬೂಟಿನ ಸದ್ದು! ರಸ್ತೆಗೆ ಹಾರಿದೆ. ಹೊರಟಿದ್ದ ಬಸ್ಸಿನ ಕಂಬಿ ನನ್ನ ಕೈಗೆ ಸಿಕ್ಕಿತು. ನನ್ನ ಎಡಗಾಲಿನ ಶೂ ಅವನ ಕೈಗೆ ಸಿಕ್ಕಿತು.

ಬಸ್ಸಿನಲ್ಲೇ ಆ ಪುಟವನ್ನು, ಸತ್ತವರ ಮನೆಯವರ ಪರ ವಾದಿಸಿ ಸೋತಿದ್ದ ಲಾಯರಿಗೆ ಕಳಿಸಿದೆ. ಆಮೇಲೆ ಒಂದೇ ಶೂನಲ್ಲಿ, ಪತ್ರ ಬರೆದವಳ ಅಕ್ಕನ ಟೈಲರ್ ಅಂಗಡಿಗೆ ಹೋದೆ.

ಅವಳ ತಲೆ ನೆರೆತಿತ್ತು. ನನ್ನನ್ನು ನೋಡಿದ ಕೂಡಲೇ ಹೊಲಿಗೆಯಂತ್ರ ನಿಂತಿತು. ಮರೆತಿರಲಿಲ್ಲ. ಸರ್ಚ್ ತೆರೆದು ಫೋನ್ ಕೊಟ್ಟೆ. ಹುಡುಕಿ ಎಂದೆ.

ತಂಗಿಯ ಹೆಸರು ಒತ್ತಿದಳು. ಪತ್ರವನ್ನು ಎರಡು ಸಲ ಓದಿದಳು. ಎರಡನೆಯ ಸಲ ತುಟಿ ಅಲುಗುತ್ತಿತ್ತು. ತಂಗಿಯ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಳೋ ಏನೋ.

"ಆವಾಗ ನೀವು ನಿಜವಾಗ್ಲೂ ಹುಡುಕಿದ್ರಾ?"

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲಮ್ಮ."

ಅವಳು ಡಬ್ಬಿಯಲ್ಲಿದ್ದ ಹೆಸರನ್ನು ಅಳಿಸಿ ಇನ್ನೊಂದು ಹೆಸರು ಒತ್ತಿದಳು.

ನನ್ನದು.

ನಾನು ವರದಿ ಸಲ್ಲಿಸಿದ ಸುದ್ದಿ ಬಂತು. 'ಹಿಂದೆ ಯಾವ ದೂರೂ ಇರಲಿಲ್ಲ' ಎಂಬ ತಲೆಬರಹ, ಪಕ್ಕದಲ್ಲಿ ನನ್ನ ಫೋಟೋ.

"ಇದನ್ನೂ ಲಾಯರ್‌ಗೆ ಕಳಿಸಿ," ಎಂದಳು.

ಕಳಿಸಿದೆ. ನನ್ನ ಕೈಯಾರೆ.

ಕೇಸು ಮತ್ತೆ ತೆರೆದಿದೆ. ಮಾಲೀಕನ ಹೆಸರಿನ ಕೆಳಗೆ ನನ್ನದೂ ಇದೆ.

ಇಪ್ಪತ್ತೆರಡು ವರ್ಷ ಯಾರ ಕೈಗೂ ಸಿಗದವನು ನಾನು... ನಾನೇ ಕಟ್ಟಿದ ಸರ್ಚಿಗೆ ಅರ್ಧ ಸೆಕೆಂಡೂ ಬೇಕಾಗಲಿಲ್ಲ.