ಬ್ಯಾಡ್ಜಿಲ್ಲದ ಭಾನುವಾರ

ಬಾಗಿಲು ತೆರೆದ ಆರ್ನೆಲ್‌ನ ನಗು ಅರ್ಧಕ್ಕೇ ನಿಂತಿತು.

"ನೀವಾ...?"

ಮರಿವಿಕ್ ತಲೆಯಾಡಿಸಿದಳು. ಅವನ ಕಣ್ಣು ಅವಳ ಕೊರಳಿನ ಬ್ಯಾಡ್ಜಿನ ಮೇಲಿತ್ತು. ಕಳೆದ ವಾರದವರೆಗೆ ಅದು ನೀಲಿ. ಇವತ್ತು ಹಸಿರು!

"ನಿನ್ನೆ ಊಟಕ್ಕೆ ಕರೆದಿದ್ದೆ. ಅಮ್ಮ ಕಿಟಕಿ ಬಿಟ್ಟು ಏಳಲೇ ಇಲ್ಲ. ಇಷ್ಟ ಇಲ್ಲ ಅಂತ ಮೊದಲೇ ಹೇಳಿದ್ರೆ ಆಗ್ತಿತ್ತು. ಇವತ್ತು ನೋಡಿದ್ರೆ ಬೇರೆ ಏಜೆನ್ಸಿಯಿಂದ ಬಂದಿದ್ದೀರಿ!"

ತನಗೆ ಇಷ್ಟ ಇಲ್ಲವೇ...!

ಸ್ಟಾಕ್ಟನ್ ನಗರದಲ್ಲಿ ಮನೆಮನೆಗೆ ಹೋಗುವ ನರ್ಸ್‌ಗೆ ಒಂದೇ ಏಜೆನ್ಸಿಯ ಕೆಲಸದಿಂದ ವಾರ ತುಂಬುವುದಿಲ್ಲ. ಮರಿವಿಕ್‌ಗೆ ಎರಡಿದ್ದವು. ಎರಡರಲ್ಲೂ ಒಂದೇ ನಿಯಮ. ರೋಗಿಯ ಮನೆಯಲ್ಲಿ ಏನೂ ತಿನ್ನುವಂತಿಲ್ಲ.

ಆರ್ನೆಲ್‌ನ ತಾಯಿ ಪಾಸಿಟಾಗೆ ಮನೆಗೆ ಬಂದವರು ಉಣ್ಣದೆ ಹೋದರೆ ಅವಮಾನ. ಅವರನ್ನು ಮರಿವಿಕ್ ಕೂಡ ಅಮ್ಮನನ್ನು ಕರೆಯುವಂತೆ 'ನಾನಾಯ್' ಎನ್ನುತ್ತಿದ್ದಳು. ಅವರ ಹಿಮ್ಮಡಿಯ ಹುಣ್ಣಿಗೆ ಬ್ಯಾಂಡೇಜ್ ಸುತ್ತುವಾಗಲೆಲ್ಲ ಒಳಗಿನಿಂದ ಹುಣಸೆಹುಳಿಯ ಸಿನಿಗಾಂಗ್ ಸಾರಿನ ಘಮ ಬರುತ್ತಿತ್ತು. ಕುದಿಸುತ್ತಿದ್ದವನು ಆರ್ನೆಲ್. ಅವಳು ಬಾಯಲ್ಲಿ ಬಂದ ನೀರು ನುಂಗಿ "ಹಸಿವಿಲ್ಲ" ಎನ್ನುತ್ತಿದ್ದಳು.

ಹುಣ್ಣು ಮಾಗಿ ಮೊದಲ ಏಜೆನ್ಸಿಯ ಕೆಲಸ ಮುಗಿದ ದಿನ ಅವನು ಕೇಳಿದ್ದ, "ಈಗಲಾದ್ರೂ ಊಟಕ್ಕೆ ಬರ್ತೀರಾ?"

"ಭಾನುವಾರ," ಎಂದಿದ್ದಳು.

ಈಗ ಅವಳು ಜಾರಿದ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಶುಕ್ರವಾರ ಹುಣ್ಣು ಮತ್ತೆ ಬಾಯಿ ಬಿಡ್ತಲ್ಲ... ಡಾಕ್ಟರು ಈ ಏಜೆನ್ಸಿಗೆ ಬರೆದುಕೊಟ್ರು. ಶನಿವಾರ ಇವರು ಫೋನ್ ಮಾಡಿ ನಾನಾಯ್‌ನ ನನಗೇ ವಹಿಸಿದ್ರು. ನಾನು ಮತ್ತೆ ನರ್ಸ್ ಆಗಿಬಿಟ್ಟೆ, ಆರ್ನೆಲ್. ಊಟಕ್ಕೆ ಹೇಗೆ ಬರಲಿ?"

"ಒಂದು ಫೋನ್ ಮಾಡಬಹುದಿತ್ತು."

"ನಿಮ್ಮ ಧ್ವನಿ ಕೇಳಿದ್ರೆ... ಬಂದೇಬಿಡ್ತಿದ್ದೆ."



"ಏಯ್, ಬಾಗಿಲಲ್ಲೇ ಏನು ನಿಮ್ಮ ಪಂಚಾಯಿತಿ? ಹುಣ್ಣಾಗಿರೋ ಕಾಲು ಇಲ್ಲಿದೆ!" ಒಳಗಿನಿಂದ ನಾನಾಯ್ ಕೂಗಿದರು.

ಮರಿವಿಕ್ ಮಂಡಿಯೂರಿ ಹುಣ್ಣು ತೊಳೆದಳು. ನಾನಾಯ್ ಅವಳನ್ನೇ ನೋಡುತ್ತಿದ್ದರು.

"ಮಗಳೇ, ಆ ಏಜೆನ್ಸಿಯಲ್ಲಿ ಬೇರೆ ನರ್ಸೇ ಇಲ್ವಾ?"

"ಯಾಕೆ ನಾನಾಯ್, ನಾನು ಸರಿಯಾಗಿ ಕಟ್ಟಲ್ವಾ?"

"ಕಟ್ತೀಯ. ಬ್ಯಾಂಡೇಜ್ ಕಟ್ಟೋಕೆ ಯಾರಾದ್ರೂ ಸಿಗ್ತಾರೆ. ಇವನ ಸಾರು ಉಣ್ಣೋಕೆ ಯಾರು ಸಿಗ್ತಾರೆ? ಅಷ್ಟು ಹುಳಿ!"

ಆರ್ನೆಲ್ ಅಡುಗೆಮನೆಗೆ ಓಡಿದ.

ಈ ಪಾದವನ್ನು ಇನ್ನೊಬ್ಬರ ಕೈಗೆ ಕೊಡುವುದೇ...? ಬ್ಯಾಂಡೇಜ್ ಕಟ್ಟಿ ಹೊರಬಂದು ಕಾರಿನಲ್ಲಿ ಕುಳಿತಳು. ಕೊನೆಗೆ ಏಜೆನ್ಸಿಗೆ ಫೋನ್ ಮಾಡಿದಳು.

"ಈ ಮನೆಗೆ ಬೇರೆಯವರನ್ನು ಕಳಿಸಿ. ಹಿಮ್ಮಡಿಯನ್ನು ಮೆಲ್ಲಗೆ ಎತ್ತೋಕೆ ಹೇಳಿ. ಅವರು ನೋವಾದ್ರೂ ಬಾಯಿ ಬಿಡಲ್ಲ."

ಮುಂದಿನ ಸಲ ಹೊಸ ನರ್ಸ್ ಬಂದಳು. ಆರ್ನೆಲ್ ಅವಳ ಹಿಂದಿನ ಖಾಲಿ ಮೆಟ್ಟಿಲನ್ನು ನೋಡುತ್ತ ನಿಂತ. ಹೋಗಿಯೇಬಿಟ್ಟಳೇ...?

ಭಾನುವಾರ ಕರೆಗಂಟೆ ಬಡಿಯಿತು.

ಹಳದಿ ಉಡುಪು. ಕೊರಳಲ್ಲಿ ಬ್ಯಾಡ್ಜಿಲ್ಲ, ಹೆಗಲಲ್ಲಿ ಚೀಲವಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

"ಇವತ್ತು ಯಾವ ಏಜೆನ್ಸಿಯಿಂದ?" ಅವನು ಕೇಳಿದ.

"ಯಾವುದರಿಂದಲೂ ಅಲ್ಲ... ಹಸಿವಾಗ್ತಿದೆ."

"ಯಾವಾಗಿಂದ?"

"ಮೊದಲ ದಿನದಿಂದ, ಆರ್ನೆಲ್."

ಅವನು ಬಾಗಿಲನ್ನು ಪೂರ್ತಿ ತೆರೆದ.

"ಬಾ. ಹುಳಿ ಕಮ್ಮಿ ಹಾಕಿದ್ದೀನಿ."